43ರಲ್ಲಿ ಬ್ಯಾಲೆ: ತೆರೆಯದ ಸೊಂಟ, ನೋಯುವ ಮೊಣಕಾಲು, ಬಾರದ ಸ್ಪ್ಲಿಟ್

ಹೇಮಾವತಿತೀರ (ಲೀಡ್ಸ್) – ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೀಗ 43 ವರ್ಷ. ಊರು ಹಾಸನ, ಹದಿನಾಲ್ಕು ವರ್ಷಗಳಿಂದ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿದ್ದೇನೆ. ಚಿಕ್ಕಂದಿನಲ್ಲಿ ಆರು ವರ್ಷ ಭರತನಾಟ್ಯ ಕಲಿತು ಜೂನಿಯರ್ ಪರೀಕ್ಷೆಯನ್ನೂ ಮುಗಿಸಿದ್ದೆ. ಪಿಯುಸಿ ಸೇರಿದ ವರ್ಷ ಗೆಜ್ಜೆ ಬಿಚ್ಚಿಟ್ಟವಳು ಮತ್ತೆ ಕಟ್ಟಲಿಲ್ಲ. ಕಳೆದ ವರ್ಷ ಪುನಃ ನೃತ್ಯ ಕಲಿಯಬೇಕೆಂದು ಹೊರಟಾಗ ನಮ್ಮ ಬಡಾವಣೆಯ ಸುತ್ತಮುತ್ತ ಸಿಕ್ಕ ಭರತನಾಟ್ಯದ ತರಗತಿಗಳೆಲ್ಲ ಮಕ್ಕಳಿಗೆಂದೇ ಇದ್ದವು; ವಯಸ್ಕರಿಗೆ, ಅದರಲ್ಲೂ ಏನೂ ಬಾರದವರಿಗೆ ಎಂದು ಬರೆದಿದ್ದ ತರಗತಿ ಬ್ಯಾಲೆಯದೊಂದೇ. ಹೀಗಾಗಿ ಹತ್ತು ತಿಂಗಳಿಂದ ಪ್ರತಿ ಗುರುವಾರ ಸಂಜೆ ಒಂದೂಕಾಲು ಗಂಟೆ ಬ್ಯಾಲೆ ಕಲಿಯುತ್ತಿದ್ದೇನೆ. ತರಗತಿಯಲ್ಲಿ ನಾವು ಹನ್ನೊಂದು ಜನ, ಅವರಲ್ಲಿ ಇಬ್ಬರಿಗೆ ಅರವತ್ತು ದಾಟಿದೆ. ಆನಂದಕ್ಕೇನೂ ಕೊರತೆಯಿಲ್ಲ. ನನ್ನ ತೊಂದರೆಯೆಲ್ಲ ದೇಹದ್ದು.

ಮೊದಲನೆಯದು ಮೊಣಕಾಲು. ಐದನೆಯ ಸ್ಥಾನದಲ್ಲಿ, ಎಂದರೆ ಒಂದು ಪಾದದ ಹಿಮ್ಮಡಿ ಇನ್ನೊಂದರ ಬೆರಳಿಗೆ ತಾಗುವಂತೆ ಎರಡೂ ಪಾದಗಳನ್ನು ಅಡ್ಡಲಾಗಿ ಜೋಡಿಸಿ ನಿಂತಾಗ, ಎರಡೂ ಮೊಣಕಾಲುಗಳ ಒಳಬದಿಯಲ್ಲಿ ನೋವು ಕಾಣಿಸಿಕೊಳ್ಳುತ್ತದೆ. ಮಂಡಿ ಸ್ವಲ್ಪ ಬಗ್ಗಿಸಿದರೆ ಪಾದಗಳು ಚೆನ್ನಾಗಿ ಹೊರಕ್ಕೆ ತಿರುಗುತ್ತವೆ, ಹಾಗೆಯೇ ನೇರ ಮಾಡಿದರೆ ನೋಯುತ್ತದೆ. ಅರಮಂಡಿ, ಎಂದರೆ ಮಂಡಿಗಳನ್ನು ಹೊರಕ್ಕೆ ಮಡಿಸಿದ ಭರತನಾಟ್ಯದ ಅರ್ಧ ಕೂತ ನಿಲುವು, ಕೂತು ಬೆಳೆದವಳಾದ್ದರಿಂದ ನನ್ನ ಸೊಂಟ ತೆರೆದಿರುತ್ತದೆ ಎಂದೇ ಭಾವಿಸಿದ್ದೆ; ಹಾಗಿಲ್ಲ ಎಂಬುದು ಈಗ ಕನ್ನಡಿಯ ಮುಂದೆ ತಿಳಿಯುತ್ತಿದೆ. ಒಂದು ವಾರ ಬದಲಿಗೆ ಬಂದಿದ್ದ ಶಿಕ್ಷಕರೊಬ್ಬರು ನಮ್ಮನ್ನೆಲ್ಲ ಕಪ್ಪೆಯಂತೆ ಬೋರಲು ಮಲಗಿಸಿ, ನನ್ನ ಸೊಂಟವನ್ನು ಕೈಯಿಂದ ನೆಲಕ್ಕೆ ಅದುಮಿದರು. ಎರಡು ದಿನ ತೊಡೆಸಂದು ಹಿಡಿದುಕೊಂಡಿತ್ತು.

ಎರಡನೆಯದು ನಾನೇ ತಂದುಕೊಂಡದ್ದು. ಮೂವತ್ತು ದಿನಗಳಲ್ಲಿ ಸ್ಪ್ಲಿಟ್ ಎಂದು ಹೇಳುವ ವಿಡಿಯೋ ನೋಡಿಕೊಂಡು ದಿನವೂ ಬೆಳಿಗ್ಗೆ ಎದ್ದ ಕೂಡಲೇ ಕಾಲುಗಳನ್ನು ಹಿಂದೆ ಮುಂದೆ ಚಾಚಿ ಕೂರಲು ಪ್ರಯತ್ನಿಸಿದೆ. ನಲವತ್ತು ದಿನ ಕಳೆದರೂ ನೆಲಕ್ಕೂ ನನಗೂ ಒಂದು ಗೇಣು ಉಳಿದೇ ಇತ್ತು. ಈಗ ಬಲಗಡೆಯ ಪೃಷ್ಠದ ಕೆಳಗೆ, ಕೂತಾಗ ಕುರ್ಚಿಗೆ ತಾಗುವ ಮೂಳೆಯ ಬಳಿ, ಆಳದಲ್ಲಿ ನೋವಿದೆ. ಕಚೇರಿಯಲ್ಲಿ ಒಂದು ಗಂಟೆ ಕೂತರೆ ಹೆಚ್ಚುತ್ತದೆ, ದಿಬ್ಬ ಹತ್ತುವಾಗಲೂ ಬರುತ್ತದೆ. ಎಳೆದರೆ ಸಡಿಲವಾದೀತು ಎಂದು ಇನ್ನಷ್ಟು ಎಳೆಯುತ್ತಿದ್ದೇನೆ.

ಈ ವಯಸ್ಸಿನಲ್ಲಿ ಟರ್ನ್‌ಔಟ್, ಎಂದರೆ ಕಾಲುಗಳು ಹೊರಕ್ಕೆ ತಿರುಗುವ ಪ್ರಮಾಣ, ಹೆಚ್ಚುತ್ತದೆಯೇ? ದಿನಕ್ಕೆ ಎಷ್ಟು ಹೊತ್ತು, ಯಾವ ಬಗೆಯಲ್ಲಿ ಮೈಯನ್ನು ಸಡಿಲಗೊಳಿಸಬೇಕು? ಬಲ್ಲವರು ದಯವಿಟ್ಟು ತಿಳಿಸಿ. ಬಿಟ್ಟುಬಿಡಿ ಎಂಬ ಸಲಹೆಯನ್ನು ಮನೆಯಲ್ಲಿ ಈಗಾಗಲೇ ಪಡೆದಿದ್ದೇನೆ.


ಪುಟ್ಟಹಕ್ಕಿ (ಬೆಂಗಳೂರು)

ಅಕ್ಕಾ, ದಯವಿಟ್ಟು ಎದೆಗುಂದಬೇಡಿ. ನಾನು ಇಪ್ಪತ್ತಾರರಲ್ಲಿ ಬ್ಯಾಲೆ ಸೇರಿದೆ, ಆರೇ ವಾರಗಳಲ್ಲಿ ಸ್ಪ್ಲಿಟ್ ಬಂತು. ದಿನ ತಪ್ಪಿಸದೆ ಮಾಡಿದರೆ ಎಲ್ಲರಿಗೂ ಬಂದೇ ಬರುತ್ತದೆ. ಎಳೆದಾಗ ಮೊದಲು ಸ್ವಲ್ಪ ನೋವು ಇದ್ದೇ ಇರುತ್ತದೆ, ಅದನ್ನು ದಾಟಬೇಕು ಅಷ್ಟೆ.


ಕೀಲೆಣ್ಣೆ (ಮೈಸೂರು)

ನಾನು ಹದಿನೇಳು ವರ್ಷಗಳಿಂದ ಫಿಸಿಯೋಥೆರಪಿಸ್ಟ್ ಆಗಿದ್ದೇನೆ. ನನ್ನಲ್ಲಿಗೆ ಬರುವವರಲ್ಲಿ ನೃತ್ಯ ಕಲಿಯುವವರೂ ಕಲಿಸುವವರೂ ಬಹಳ. ಮೈ ಮುಟ್ಟಿ ನೋಡದೆ ಇಂಥದೇ ರೋಗ ಎಂದು ಹೇಳುವುದು ಸರಿಯಲ್ಲ, ಆದ್ದರಿಂದ ಮುಂದಿನದನ್ನು ತಿಳಿವಳಿಕೆಯೆಂದು ಓದಿ, ಔಷಧದ ಚೀಟಿಯೆಂದಲ್ಲ.

ಮೇಲೆ ಪುಟ್ಟಹಕ್ಕಿಯವರು ಬರೆದದ್ದರಲ್ಲಿ ಕೊನೆಯ ವಾಕ್ಯವನ್ನು ನೀವು ಮರೆತುಬಿಡಬೇಕೆಂದು ಕೇಳಿಕೊಳ್ಳುತ್ತೇನೆ. ಕೂರುವ ಮೂಳೆಯ ಬಳಿಯ ನೋವು ಸ್ನಾಯು ಸಡಿಲವಾಗುವ ಮುನ್ನ ಬರುವ ಸೆಳೆತವಲ್ಲ. ತೊಡೆಯ ಹಿಂಭಾಗದ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳು ಮೂರು. ಅವು ಮೂರೂ ಆ ಮೂಳೆಗೇ ಸ್ನಾಯುರಜ್ಜುವಿನ ಮೂಲಕ ಅಂಟಿಕೊಂಡಿವೆ. ಕಾಲನ್ನು ಮುಂದಕ್ಕೆ ಚಾಚಿ ಮೈಯನ್ನು ಅದರ ಮೇಲೆ ಬಗ್ಗಿಸಿದಾಗ ಆ ರಜ್ಜು ಒಂದು ಕಡೆ ಎಳೆಯಲ್ಪಡುತ್ತದೆ, ಇನ್ನೊಂದು ಕಡೆ ಮೂಳೆಯ ಅಂಚಿಗೆ ಒತ್ತಿಕೊಳ್ಳುತ್ತದೆ. ದಿನವೂ ಹೀಗೆ ಎಳೆದು ಒತ್ತಿದರೆ ರಜ್ಜು ಕೆರಳುತ್ತದೆ. ಹೆಚ್ಚು ಹೊತ್ತು ಕೂತಾಗ, ಏರು ಹತ್ತುವಾಗ, ಮುಂದೆ ಬಾಗಿದಾಗ ನೋವು ಬರುವುದು ಇದರ ಸಾಮಾನ್ಯ ಲಕ್ಷಣ. ಎಳೆದುಕೊಂಡಾಗ ಒಂದು ಗಳಿಗೆ ಹಾಯೆನಿಸಿ ಮಾರನೆಯ ದಿನ ಹೆಚ್ಚಾಗುವುದರಿಂದ ಅನೇಕರು ನಿಮ್ಮಂತೆಯೇ ಇನ್ನಷ್ಟು ಎಳೆಯುತ್ತಾರೆ. ಸದ್ಯಕ್ಕೆ ಸ್ಪ್ಲಿಟ್ ಅನ್ನೂ ಕಾಲು ಚಾಚಿ ಮುಂದೆ ಬಾಗುವುದನ್ನೂ ಪೂರ್ತಿ ನಿಲ್ಲಿಸಿ. ಈ ರಜ್ಜುವಿಗೆ ಬೇಕಾದದ್ದು ಅಳತೆಯ ಭಾರ. ಅಂಗಾತ ಮಲಗಿ ಮಂಡಿ ಮಡಿಸಿ ಸೊಂಟವನ್ನು ಮೇಲೆತ್ತಿ ಮೂವತ್ತು ನಲವತ್ತು ಸೆಕೆಂಡು ಹಾಗೆಯೇ ಹಿಡಿಯುವುದರಿಂದ ಮೊದಲು ಮಾಡಿ, ಕೆಲವು ವಾರಗಳ ಮೇಲೆ ಒಂಟಿಕಾಲಿನಲ್ಲಿ, ಆಮೇಲೆ ಕೈಯಲ್ಲಿ ತೂಕ ಹಿಡಿದು ಸೊಂಟದಿಂದ ಬಾಗುವ ವ್ಯಾಯಾಮಕ್ಕೆ ಹೋಗಬಹುದು. ಪೂರ್ತಿ ವಾಸಿಯಾಗಲು ವಾರಗಳಲ್ಲ, ತಿಂಗಳುಗಳು ಬೇಕಾಗುತ್ತವೆ. ಮೂರರಿಂದ ಆರು ತಿಂಗಳು ಹಿಡಿದರೆ ಆಶ್ಚರ್ಯವಿಲ್ಲ. ಇಂಗ್ಲೆಂಡಿನ ಅನೇಕ ಕಡೆಗಳಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನ ಫಿಸಿಯೋಥೆರಪಿಗೆ ಜಿಪಿಯ (ಕುಟುಂಬ ವೈದ್ಯರ) ಪತ್ರವಿಲ್ಲದೆ ನೀವೇ ನೇರವಾಗಿ ಅರ್ಜಿ ಹಾಕಬಹುದು. ಸರದಿ ಉದ್ದವಿರುತ್ತದೆ, ಆದ್ದರಿಂದ ಇಂದೇ ಹಾಕಿ. ನೋವು ಕಾಲಿನುದ್ದಕ್ಕೂ ಇಳಿದರೆ, ಜೋಮು ಹಿಡಿದರೆ ಅಥವಾ ಕಾಲು ಬಲಗುಂದಿದರೆ ಸರದಿಗಾಗಿ ಕಾಯದೆ ವೈದ್ಯರನ್ನು ಕಾಣಿ.

ಇನ್ನು ಮೊಣಕಾಲು. ಟರ್ನ್‌ಔಟ್ ಎಂಬುದು ಸೊಂಟದ ಕೀಲಿನಲ್ಲಿ ತೊಡೆಯು ಹೊರಕ್ಕೆ ತಿರುಗುವುದೇ ಹೊರತು ಪಾದಗಳು ಹೊರಕ್ಕೆ ತಿರುಗುವುದಲ್ಲ. ಅದು ಎಷ್ಟು ತಿರುಗುತ್ತದೆ ಎಂಬುದನ್ನು ಮೊದಲು ನಿರ್ಧರಿಸುವುದು ಮೂಳೆ. ತೊಡೆಮೂಳೆಯ ಮೇಲ್ತುದಿಯ ಉಂಡೆಯನ್ನು ಹೊತ್ತ ಕತ್ತು ವಯಸ್ಕರಲ್ಲಿ ಸಾಮಾನ್ಯವಾಗಿ 10ರಿಂದ 15 ಡಿಗ್ರಿಯಷ್ಟು ಮುಂದಕ್ಕೆ ತಿರುಚಿಕೊಂಡಿರುತ್ತದೆ. ಈ ತಿರುಚು ಕಡಿಮೆಯಿದ್ದವರಿಗೆ ಟರ್ನ್‌ಔಟ್ ಹುಟ್ಟಿನಿಂದಲೇ ಸಲೀಸು, ಹೆಚ್ಚಿದ್ದವರಿಗೆ ಕಷ್ಟ. ಉಂಡೆ ಕೂರುವ ಬಟ್ಟಲು ಎಷ್ಟು ಆಳ, ಯಾವ ಕಡೆಗೆ ಬಾಯಿ ತೆರೆದಿದೆ ಎಂಬುದೂ ಹಾಗೆಯೇ. ಬೆಳವಣಿಗೆ ಮುಗಿದ ಮೇಲೆ ಯಾವ ವ್ಯಾಯಾಮವೂ ಈ ಆಕಾರಗಳನ್ನು ಬದಲಿಸುವುದಿಲ್ಲ. ಮೂಳೆಯ ನಂತರ ಕೀಲಿನ ಮುಂದಿರುವ ಬಲವಾದ ಅಸ್ಥಿರಜ್ಜು. ಅದನ್ನು ಎಳೆದು ಸಡಿಲ ಮಾಡುವುದು ಜಾಣತನವಲ್ಲ, ಏಕೆಂದರೆ ನಿಂತಾಗ ಸೊಂಟವನ್ನು ಹಿಡಿದಿಡುವುದೇ ಅದು. ಕೊನೆಯದಾಗಿ ಸ್ನಾಯು. ನಿಮ್ಮ ಕೈಲಿರುವುದು ಇದೊಂದೇ, ಆದರೆ ಇದರಲ್ಲಿ ಬಹಳಷ್ಟಿದೆ.

ನೀವು ಮಾಡುತ್ತಿರುವುದು ನೃತ್ಯ ಕಲಿಯುವವರೆಲ್ಲ ಮಾಡುವ ಮೋಸ, ಅದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಮಂಡಿ ಬಗ್ಗಿದಾಗ ಮೊಣಕಾಲಿನ ಕೆಳಗಿನ ಮೂಳೆ ತೊಡೆಮೂಳೆಯ ಕೆಳಗೆ ಸ್ವಲ್ಪ ತಿರುಗಬಲ್ಲದು. ಆಗ ಪಾದಗಳನ್ನು ನೆಲಕ್ಕೆ ಒತ್ತಿ ಹೊರಗಿಟ್ಟು, ನೆಲದ ಹಿಡಿತದಲ್ಲೇ ಮಂಡಿಯನ್ನು ನೇರಗೊಳಿಸಿದರೆ ಸೊಂಟದಲ್ಲಿ ಇಲ್ಲದ ತಿರುವು ಮೊಣಕಾಲಿನಲ್ಲಿ ಸೇರುತ್ತದೆ. ಒದ್ದೆ ಬಟ್ಟೆ ಹಿಂಡಿದಂತೆ. ಒಳಬದಿಯ ರಜ್ಜು ನೋಯುತ್ತದೆ, ಪಾದದ ಕಮಾನು ಒಳಕ್ಕೆ ಕುಸಿಯುತ್ತದೆ, ಹೆಬ್ಬೆರಳಿನ ಬುಡಕ್ಕೂ ಪೆಟ್ಟು.

ನಿಮ್ಮ ನಿಜವಾದ ಟರ್ನ್‌ಔಟ್ ಎಷ್ಟೆಂದು ಮನೆಯಲ್ಲೇ ನೋಡಿಕೊಳ್ಳಬಹುದು. ಪಾದಗಳನ್ನು ಸಮಾನಾಂತರವಾಗಿಟ್ಟು ಮಂಡಿ ನೇರವಾಗಿಸಿ ನಿಲ್ಲಿ; ಯಾವುದಾದರೂ ಆಸರೆ ಹಿಡಿದು ಭಾರವನ್ನು ಹಿಮ್ಮಡಿಗೆ ತಂದು ಪಾದದ ಮುಂಭಾಗವನ್ನು ಸ್ವಲ್ಪವೇ ಎತ್ತಿ; ಈಗ ತೊಡೆಗಳನ್ನು ಸೊಂಟದಿಂದ ಹೊರಕ್ಕೆ ತಿರುಗಿಸಿ ಪಾದಗಳನ್ನು ಇಳಿಸಿ. ನೆಲದ ಹಿಡಿತ ಸಿಗದ ಕಾರಣ ಇಲ್ಲಿ ಮೋಸಕ್ಕೆ ಎಡೆಯಿಲ್ಲ. ಆಮೇಲೆ ಬೋರಲು ಮಲಗಿ ಒಂದು ಮಂಡಿಯನ್ನು ನೇರ ಮೇಲಕ್ಕೆ ಮಡಿಸಿ, ಮೊಣಕಾಲಿನ ಕೆಳಗಿನ ಭಾಗವನ್ನು ಇನ್ನೊಂದು ಕಾಲಿನ ಕಡೆಗೆ ತಾನಾಗಿ ಬೀಳಲು ಬಿಡಿ. ಸೊಂಟ ನೆಲದಿಂದ ಏಳದೆ ಅದು ಎಷ್ಟು ವಾಲುತ್ತದೋ ಅಷ್ಟು ನಿಮ್ಮ ಸೊಂಟದ ಬಾಗಿಲು ತೆರೆಯುತ್ತದೆ. ಎರಡೂ ಕಾಲಿನ ಫೋಟೋ ತೆಗೆಸಿಕೊಂಡು ಕೋನ ಅಳೆದು ಬರೆಯಿರಿ.

ಕಪ್ಪೆಯಂತೆ ಮಲಗಿದವರ ಸೊಂಟವನ್ನು ಹೊರಗಿನವರು ಅದುಮುವುದರ ಬಗ್ಗೆ ಒಂದೇ ಮಾತು: ಮುಂದಿನ ಸಲ ಬೇಡವೆಂದು ಹೇಳಿ.


ತಡವಾಗಿ ಬಂದವನು (ಸ್ಟುಟ್‌ಗಾರ್ಟ್)

ಹೇಮಾವತಿತೀರ ಅವರಿಗೆ ನಮಸ್ಕಾರ. ನಾನು ಧಾರವಾಡದವನು, ಯಂತ್ರಗಳ ವಿನ್ಯಾಸ ಮಾಡುವ ಇಂಜಿನಿಯರ್. 46ನೆಯ ವಯಸ್ಸಿನಲ್ಲಿ ಇಲ್ಲಿನ ಫೋಲ್ಕ್ಸ್‌ಹೋಹ್‌ಶೂಲೆಯ ಬ್ಯಾಲೆ ತರಗತಿಗೆ ಸೇರಿದೆ. ಜರ್ಮನಿಯ ಊರೂರುಗಳಲ್ಲಿರುವ, ವಯಸ್ಕರಿಗೆ ಭಾಷೆಯಿಂದ ಹಿಡಿದು ಬಡಗಿ ಕೆಲಸದವರೆಗೆ ಕಡಿಮೆ ಶುಲ್ಕದಲ್ಲಿ ಕಲಿಸುವ ಸಾರ್ವಜನಿಕ ಶಾಲೆಗಳು ಇವು. ನೃತ್ಯ ಸಂಯೋಜಕ ಜಾನ್ ಕ್ರಾಂಕೊ 1961ರಲ್ಲಿ ಬಂದು ಕಟ್ಟಿ ನಿಲ್ಲಿಸಿದ ಬ್ಯಾಲೆ ತಂಡದ ಊರಿದು. ಇಲ್ಲಿ ಬೋಳುತಲೆಯ ಗಂಡಸೊಬ್ಬ ಬಿಗಿ ಉಡುಪಿನಲ್ಲಿ ಟ್ರಾಮ್ ಹತ್ತಿದರೆ ಯಾರೂ ತಿರುಗಿ ನೋಡುವುದಿಲ್ಲ. ಈಗ ಐದು ವರ್ಷ ಕಳೆದಿದೆ. ನನ್ನ ದೇಹದಲ್ಲಿ ಏನು ಬದಲಾಯಿತು, ಏನು ಬದಲಾಗಲಿಲ್ಲ ಎಂಬುದನ್ನು ಹೇಳಿದರೆ ನಿಮಗೆ ಅಳತೆಯೊಂದು ಸಿಕ್ಕೀತು.

ಸೇರಿದಾಗ ನಿಂತು ಬಾಗಿದರೆ ನನ್ನ ಬೆರಳುಗಳು ಹರಡಿಗಿಂತ ಒಂದು ಗೇಣು ಮೇಲೆಯೇ ನಿಂತುಬಿಡುತ್ತಿದ್ದವು. ಎಂಟು ತಿಂಗಳಿಗೆ ನೆಲ ಮುಟ್ಟಿದೆ. ಮುಂಬದಿಯ ಸ್ಪ್ಲಿಟ್ ಐದು ವರ್ಷವಾದರೂ ನೆಲಕ್ಕೆ ಹತ್ತಿಲ್ಲ, ಒಂದು ಇಟ್ಟಿಗೆಯ ಎತ್ತರ ಉಳಿದಿದೆ. ಅದು ಅಲ್ಲಿಯೇ ಇರಲಿ ಎಂದು ಬಿಟ್ಟಿದ್ದೇನೆ, ಏಕೆಂದರೆ ಇಷ್ಟು ವರ್ಷಗಳಲ್ಲಿ ನಮ್ಮ ತರಗತಿಯ ಒಂದೇ ಒಂದು ಹೆಜ್ಜೆಗೂ ಅದು ಬೇಕಾಗಲಿಲ್ಲ. ಬೇಕಾದದ್ದು ಬೇರೆ. ಕಾಲನ್ನು ನಿಧಾನವಾಗಿ ಮಡಿಸಿ ಬಿಚ್ಚಿ ಗಾಳಿಯಲ್ಲಿ ಹಿಡಿಯುವ ದೆವಲೊಪೆಯಲ್ಲಿ ನನ್ನ ಕಾಲು ಅರುವತ್ತು ಡಿಗ್ರಿಗೆ ನಡುಗತೊಡಗುತ್ತದೆ. ಅದೇ ಕಾಲನ್ನು ಕೈಯಿಂದ ಎತ್ತಿದರೆ ನೂರಕ್ಕೂ ಮೇಲೆ ಸಲೀಸಾಗಿ ಹೋಗುತ್ತದೆ. ನಡುವಿನ ನಲವತ್ತು ಡಿಗ್ರಿ ನನ್ನದಾಗಿದ್ದರೂ ನನ್ನ ವಶದಲ್ಲಿಲ್ಲ. ಸ್ನಾಯುವನ್ನು ಇನ್ನಷ್ಟು ಎಳೆದರೆ ಈ ಅಂತರ ದೊಡ್ಡದಾಗುತ್ತದೆಯೇ ವಿನಾ ಕಾಲು ಮೇಲೇಳುವುದಿಲ್ಲ. ಇದನ್ನು ತಿಳಿಯಲು ನನಗೆ ಎರಡು ವರ್ಷ ಹಿಡಿಯಿತು. ಈಗ ನೆಲದ ಮೇಲೆ ಕಾಲು ಚಾಚಿ ಬೆನ್ನು ನೆಟ್ಟಗೆ ಕೂತು, ಹಿಮ್ಮಡಿಯ ಪಕ್ಕದಲ್ಲಿ ನೀರಿನ ಬಾಟಲಿ ಮಲಗಿಸಿ, ಕೈ ಊರದೆ ಕಾಲನ್ನು ಅದರ ಮೇಲಿಂದ ಆಚೆ ಈಚೆ ದಾಟಿಸುತ್ತೇನೆ. ಹತ್ತು ಸಲ ಮಾಡುವಷ್ಟರಲ್ಲಿ ತೊಡೆಯ ಮುಂಭಾಗ ಹಿಡಿದುಕೊಳ್ಳುತ್ತದೆ. ನೋಡಲು ತೀರ ಸಾಮಾನ್ಯವಾದ ಈ ವ್ಯಾಯಾಮದಷ್ಟು ಬೇರೆ ಯಾವುದೂ ನನಗೆ ಫಲ ಕೊಟ್ಟಿಲ್ಲ. ನಿಮ್ಮ ಪೃಷ್ಠದ ನೋವು ಹೋಗುವವರೆಗೆ ಮಾತ್ರ ಇದು ಬೇಡ, ಕಾಲು ಚಾಚಿ ಕೂರಬೇಕಲ್ಲ.

ಹೊತ್ತಿನ ಲೆಕ್ಕ ಕೇಳಿದ್ದೀರಿ. ಒಂದು ಸ್ನಾಯುವಿಗೆ ವಾರಕ್ಕೆ ಒಟ್ಟು ಐದು ನಿಮಿಷದಷ್ಟು ಸೇರಿದರೆ ಸಾಕು, ಅದು ಒಂದೇ ದಿನವಲ್ಲದೆ ಹಂಚಿಹೋಗಿರಬೇಕು. ನಾನು ತರಗತಿ ಮುಗಿದ ಮೇಲೆ, ಮೈ ಬಿಸಿಯಿರುವಾಗ, ಮೂವತ್ತು ಸೆಕೆಂಡಿನಂತೆ ಎರಡು ಸಲ ಹಿಡಿಯುತ್ತೇನೆ. ಉಳಿದ ನಾಲ್ಕು ದಿನ ರಾತ್ರಿ ಸ್ನಾನದ ಬಳಿಕ ಹತ್ತು ನಿಮಿಷ. ನೀವು ಬೆಳಿಗ್ಗೆ ಎದ್ದ ಕೂಡಲೇ ಮಾಡುತ್ತಿದ್ದಿರಿ ಎಂದು ಓದಿ ಮೈ ಜುಮ್ಮೆಂದಿತು. ತರಗತಿಗೆ ಮುಂಚೆ ನಾನು ದೀರ್ಘವಾಗಿ ಎಳೆದುಕೊಂಡು ನಿಲ್ಲುವುದಿಲ್ಲ. ಒಂದು ಸ್ನಾಯುವನ್ನು ಒಂದು ನಿಮಿಷಕ್ಕಿಂತ ಹೆಚ್ಚು ಹೊತ್ತು ಎಳೆದು ಹಿಡಿದರೆ ಸ್ವಲ್ಪ ಹೊತ್ತಿನವರೆಗೆ ಅದರ ಬಲ ಕುಗ್ಗುತ್ತದೆ, ಆ ಕಾಲಿನಲ್ಲಿ ಹಾರುವುದು ಯಾತಕ್ಕೆ? ಮೊದಲು ನಡೆದಾಡಿ, ಕಾಲು ಬೀಸಿ, ಮೆಟ್ಟಿಲು ಹತ್ತಿಳಿದು ಮೈ ಬೆಚ್ಚಗಾಗಿಸಿಕೊಂಡರೆ ಸಾಕು. ಮಿಕ್ಕದ್ದನ್ನು ಬಾರ್, ಎಂದರೆ ಗೋಡೆಯ ಪಕ್ಕದ ಹಿಡಿಕಂಬಿ, ಮಾಡಿಕೊಡುತ್ತದೆ. ಬಾರ್ ಹಿಡಿದು ಮಾಡುವ ವ್ಯಾಯಾಮಗಳ ಅನುಕ್ರಮವನ್ನೇ ಗಮನಿಸಿ: ಮೊದಲು ಮಂಡಿ ಬಗ್ಗಿಸಿ ಇಳಿಯುವ ಪ್ಲಿಯೇ, ಆಮೇಲೆ ನೆಲಕ್ಕೆ ಅಂಟಿಕೊಂಡೇ ಪಾದ ಚಾಚುವ ತಾಂದ್ಯು, ಆಮೇಲೆ ನೆಲದಿಂದ ತುಸುವೇ ಏಳುವ ಕಾಲು, ಆಮೇಲೆ ನೆಲದ ಮೇಲೆ ವೃತ್ತ, ಎಲ್ಲಕ್ಕೂ ಕೊನೆಗೆ ಜೋರಾಗಿ ಬೀಸುವ ಗ್ರಾಂ ಬತ್ಮಾಂ. ಅವಸರದಲ್ಲಿ ಮೊದಲ ಹದಿನೈದು ನಿಮಿಷ ತಪ್ಪಿಸಿಕೊಂಡು ತರಗತಿಗೆ ನುಗ್ಗುವವರೇ ನಮ್ಮಲ್ಲಿ ಹೆಚ್ಚಾಗಿ ಗಾಯಗೊಂಡವರು.

ಐದನೆಯ ಸ್ಥಾನದ ಬಗ್ಗೆ ಇತಿಹಾಸದ ಒಂದು ಮಾತು. ಈ ಐದು ಸ್ಥಾನಗಳನ್ನು ಕ್ರಮಪಡಿಸಿದವನು ಪಿಯೆರ್ ಬೋಷಾಂ, ಫ್ರಾನ್ಸಿನ ಹದಿನಾಲ್ಕನೆಯ ಲೂಯಿ ದೊರೆಯ ನೃತ್ಯಗುರು. ದೊರೆ 1661ರಲ್ಲಿ ನೃತ್ಯದ ಅಕಾಡೆಮಿಯನ್ನೇ ತೆರೆದವನು, ತಾನೂ ಕುಣಿಯುತ್ತಿದ್ದವನು. ಆ ಕಾಲದ ಆಸ್ಥಾನದಲ್ಲಿ ಎರಡೂ ಪಾದಗಳ ನಡುವಿನ ಕೋನ ಸುಮಾರು ತೊಂಬತ್ತು ಡಿಗ್ರಿಯಷ್ಟೇ ಇರುತ್ತಿತ್ತು. ನೂರ ಎಂಬತ್ತು ಡಿಗ್ರಿಯ ಆದರ್ಶ ಆಮೇಲೆ, ರಂಗಭೂಮಿಯ ವೃತ್ತಿನರ್ತಕರಿಂದ ಬಂದದ್ದು. ಆದ್ದರಿಂದ ತೊಂಬತ್ತರಲ್ಲಿ ನಿಂತವರನ್ನು ಯಾರಾದರೂ ಕೀಳಾಗಿ ಕಂಡರೆ, ನೀವು ದೊರೆಯ ಪಂಕ್ತಿಯಲ್ಲಿ ನಿಂತಿದ್ದೀರಿ ಎಂದುಕೊಳ್ಳಿ.


ತಟ್ಟಡವು (ಬೆಂಗಳೂರು)

ನಾನು ಭರತನಾಟ್ಯ ಕಲಿಸುವವಳು, ಬ್ಯಾಲೆ ಕಲಿತವಳಲ್ಲ. ಹೇಮಾವತಿತೀರ ಅವರು ಅರಮಂಡಿಯ ಮಾತೆತ್ತಿದ್ದರಿಂದ ಬರೆಯಬೇಕೆನಿಸಿತು. ತಂಗಿ, ಅರಮಂಡಿ ಕೂತವರಿಗೆ ಸೊಂಟ ತೆರೆದಿರುತ್ತದೆ ಎಂಬುದು ನಮ್ಮ ಶಿಕ್ಷಕರಲ್ಲೂ ಇರುವ ತಪ್ಪು ತಿಳಿವಳಿಕೆ. ಅರಮಂಡಿಯಲ್ಲಿ ಮಂಡಿ ಮಡಿಸಿಯೇ ಇರುತ್ತದೆ, ಆದ್ದರಿಂದ ಸೊಂಟದಲ್ಲಿ ಸಾಲದ ತಿರುವನ್ನು ಮೊಣಕಾಲು ಮತ್ತು ಪಾದ ಸದ್ದಿಲ್ಲದೆ ತುಂಬಿಕೊಡುತ್ತವೆ. ಸೊಂಟವನ್ನು ಹಿಂದಕ್ಕೆ ಚಾಚಿ ಬೆನ್ನಿನ ಕೆಳಭಾಗವನ್ನು ಕೊಂಚ ಬಳುಕಿಸಿಬಿಟ್ಟರೆ ಮಂಡಿ ಇನ್ನೂ ಅಗಲವಾಗಿ ಕಾಣುತ್ತದೆ. ಕಾಲು ನೇರವಾದ ಕೂಡಲೇ ಈ ಸಾಲವೆಲ್ಲ ತೀರಿಸಬೇಕಾಗುತ್ತದೆ. ಬ್ಯಾಲೆಯಲ್ಲಿ ಕಾಲು ನೇರವಾಗಿಯೇ ನಿಲ್ಲಬೇಕಾದ್ದರಿಂದ ನಿಮ್ಮ ಗುಟ್ಟು ಬಯಲಾಗಿದೆ, ಅಷ್ಟೆ. ಕೀಲೆಣ್ಣೆಯವರು ಹೇಳಿದ ಪರೀಕ್ಷೆಯನ್ನು ನನ್ನ ಶಿಷ್ಯೆಯರಿಗೂ ಮಾಡಿಸಿ ನೋಡಬೇಕೆಂದಿದ್ದೇನೆ.

ಇನ್ನೊಂದು ವ್ಯತ್ಯಾಸ ನಿಮ್ಮ ದೇಹಕ್ಕೆ ಇನ್ನೂ ತಿಳಿದಿರಲಾರದು. ನಮ್ಮಲ್ಲಿ ಅರಮಂಡಿ ಎಂದರೆ ನೆಲೆ. ಕೂತು ಮೂರು ಕಾಲದಲ್ಲೂ (ಮೂರು ವೇಗಗಳಲ್ಲಿ) ಅಡವು, ಎಂದರೆ ಮೂಲ ಹೆಜ್ಜೆಗಳನ್ನು, ಮಾಡಬೇಕು, ಮೇಲೆದ್ದರೆ ಗುರುಗಳ ತಟ್ಟುಕೋಲು ಸದ್ದು ಮಾಡುತ್ತದೆ. ಬ್ಯಾಲೆಯ ಪ್ಲಿಯೇ ಎಂದರೆ, ನಾನು ನೋಡಿ ತಿಳಿದ ಮಟ್ಟಿಗೆ, ದಾರಿ; ಇಳಿದದ್ದು ಏಳುವುದಕ್ಕೆ, ಕೆಳಗೆ ಕೂತು ನೆಲೆಸುವುದಕ್ಕಲ್ಲ. ನಾವು ಪಾದವನ್ನು ಪೂರ್ತಿಯಾಗಿ ನೆಲಕ್ಕೆ ತಟ್ಟುತ್ತೇವೆ, ಆ ಸದ್ದು ಮೃದಂಗದ ಜೊತೆ ಕೂಡಿಕೊಳ್ಳಬೇಕು. ಅವರು ಹಾರಿ ಇಳಿದಾಗ ಬೆರಳು, ಪಾದದ ಮುಂಭಾಗ, ಹಿಮ್ಮಡಿ ಎಂದು ಒಂದಾದ ಮೇಲೊಂದಾಗಿ ಇಳಿಸಿ ಸದ್ದನ್ನೇ ನುಂಗಿಬಿಡುತ್ತಾರೆ. ಆರು ವರ್ಷ ತಟ್ಟಿದ ಕಾಲಿಗೆ ಈ ಮೌನ ಕಲಿಸುವುದು ಸ್ಪ್ಲಿಟ್‌ಗಿಂತ ಕಷ್ಟದ ಕೆಲಸವೆಂದು ನನ್ನ ಊಹೆ.

ವಯಸ್ಸಿನ ಮಾತಿಗೆ: ಭರತನಾಟ್ಯದ ಹೆಸರಾಂತ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ಅವರು ರಷ್ಯಾದ ಬ್ಯಾಲೆ ತಾರೆ ಅನ್ನಾ ಪಾವ್ಲೊವಾ ಅವರನ್ನು ಭೇಟಿಯಾಗಿ, ಆ ತಂಡದ ಕ್ಲಿಯೋ ನೋರ್ಡಿ ಅವರಿಂದ ಬ್ಯಾಲೆ ಕಲಿಯತೊಡಗಿದಾಗ ಇಪ್ಪತ್ತರ ಹರೆಯದ ನಡುವನ್ನು ಮುಟ್ಟಿದ್ದರು. ನಿನ್ನ ದೇಶದ ಕಲೆಯನ್ನೂ ನೋಡು ಎಂದು ಪಾವ್ಲೊವಾ ಹೇಳಿದ್ದು ಎಲ್ಲರಿಗೂ ಗೊತ್ತಿರುವ ಕಥೆ. 1904ರಲ್ಲಿ ಹುಟ್ಟಿದ ಆಕೆ ಭರತನಾಟ್ಯವನ್ನು ಮೊದಲು ಜನರ ಮುಂದೆ ಪ್ರದರ್ಶಿಸಿದ್ದು 1935ರಲ್ಲಿ, ಮರುವರ್ಷ ಕಲಾಕ್ಷೇತ್ರ ಎಂಬ ನೃತ್ಯಶಾಲೆ ಕಟ್ಟಿದರು. ನಲವತ್ತಮೂರಕ್ಕೆ ಅದು ಸಮನಲ್ಲ, ಒಪ್ಪುತ್ತೇನೆ. ಆದರೆ ಏಳು ವರ್ಷಕ್ಕೇ ಶುರುಮಾಡದಿದ್ದರೆ ಮುಗಿಯಿತು ಎನ್ನುವವರ ಬಾಯಿ ಮುಚ್ಚಿಸಲು ಸಾಕು.


ಪುಟ್ಟಹಕ್ಕಿ (ಬೆಂಗಳೂರು)

ಕೀಲೆಣ್ಣೆ ಸರ್, ನೋವನ್ನು ದಾಟಬೇಕು ಎಂದು ಬರೆದದ್ದಕ್ಕೆ ಕ್ಷಮೆಯಿರಲಿ. ಆದರೆ ನನಗೆ ಆರು ವಾರಗಳಲ್ಲಿ ಬಂದದ್ದು ಸುಳ್ಳಲ್ಲ. ಹಾಗಾದರೆ ಅದು ಹೇಗೆ ಸಾಧ್ಯವಾಯಿತು?


ಕೀಲೆಣ್ಣೆ (ಮೈಸೂರು)

ಸುಳ್ಳೆಂದು ನಾನು ಭಾವಿಸಲಿಲ್ಲ. ಹೀಗೆ ನೋಡಿಕೊಳ್ಳಿ: ನಿಮ್ಮ ಕಿರುಬೆರಳು ಹಿಂದಕ್ಕೆ ತೊಂಬತ್ತು ಡಿಗ್ರಿಗಿಂತ ಹೆಚ್ಚು ಬಾಗುತ್ತದೆಯೇ, ಕೈಯ ಹೆಬ್ಬೆರಳನ್ನು ಬಗ್ಗಿಸಿದರೆ ಮುಂಗೈಗೆ ತಾಗುತ್ತದೆಯೇ, ಮೊಣಕೈ ಮತ್ತು ಮೊಣಕಾಲು ನೇರಕ್ಕಿಂತ ಹತ್ತು ಡಿಗ್ರಿ ಹಿಂದಕ್ಕೆ ಹೋಗುತ್ತವೆಯೇ, ಮಂಡಿ ಮಡಿಸದೆ ಬಾಗಿದರೆ ಅಂಗೈ ಪೂರ್ತಿ ನೆಲಕ್ಕೆ ಊರುತ್ತದೆಯೇ? ಎಡ ಬಲ ಎರಡನ್ನೂ ಎಣಿಸಿದರೆ ಮೊದಲ ನಾಲ್ಕಕ್ಕೆ ಎಂಟು ಅಂಕ, ಕೊನೆಯದಕ್ಕೆ ಒಂದು. ಇದನ್ನು ಬೈಟನ್ ಅಂಕ ಎನ್ನುತ್ತಾರೆ. ವಯಸ್ಕರಲ್ಲಿ ಒಂಬತ್ತಕ್ಕೆ ಐದೋ ಹೆಚ್ಚೋ ಬಂದರೆ ಕೀಲುಗಳು ಹುಟ್ಟಿನಿಂದಲೇ ಸಡಿಲವೆಂದು ಅರ್ಥ. ಅಂಥವರಿಗೆ ಸ್ಪ್ಲಿಟ್ ಬೇಗ ಬರುತ್ತದೆ. ಅವರು ಹೆಚ್ಚು ಎಳೆದುಕೊಳ್ಳುವ ಅಗತ್ಯವಿಲ್ಲ, ಹಿಡಿತ ಬೆಳೆಸಿಕೊಳ್ಳುವ ಅಗತ್ಯ ಬಹಳ. ಬಾರ್ ಹಿಡಿದು ನಿಂತಾಗ ನಿಮ್ಮ ಮೊಣಕಾಲು ಹಿಂದಕ್ಕೆ ಬಾಗಿ ಬೀಗ ಬೀಳುತ್ತಿದ್ದರೆ ಶಿಕ್ಷಕರಿಗೆ ತೋರಿಸಿ.

ಮೊದಲ ಕೆಲವು ವಾರಗಳಲ್ಲಿ ಯಾರಿಗೇ ಆಗಲಿ ಕಾಣುವ ಏರಿಕೆಯಲ್ಲಿ ಸ್ನಾಯು ಉದ್ದವಾದದ್ದು ಕಡಿಮೆ. ಎಳೆತಕ್ಕೆ ನರಗಳು ಒಗ್ಗಿಕೊಂಡು, ಮೊದಲು ಸಾಕು ಎಂದು ಕೂಗುತ್ತಿದ್ದ ಜಾಗದಲ್ಲಿ ಸುಮ್ಮನಾಗುತ್ತವೆ, ಹೆಚ್ಚಿನ ಪಾಲು ಅಷ್ಟೇ. ಬಿಟ್ಟರೆ ಬೇಗ ಹಿಂದಿರುಗುವುದೂ ಅದಕ್ಕೇ. ತೂಕ ಹಿಡಿದು, ಸ್ನಾಯು ಪೂರ್ತಿ ಚಾಚುವವರೆಗೆ ನಿಧಾನವಾಗಿ ಇಳಿಸಿ ಏಳುವ ವ್ಯಾಯಾಮಗಳು ಸುಮ್ಮನೆ ಎಳೆಯುವುದರಷ್ಟೇ ಮೈಯನ್ನು ಸಡಿಲಗೊಳಿಸುತ್ತವೆ, ಜೊತೆಗೆ ಬಲವನ್ನೂ ಕೊಡುತ್ತವೆ. ನಲವತ್ತು ದಾಟಿದವರಿಗೆ ನಾನು ಇದನ್ನೇ ಮೊದಲು ಹೇಳುತ್ತೇನೆ.


ಹೇಮಾವತಿತೀರ (ಲೀಡ್ಸ್)

ಎಲ್ಲರಿಗೂ ಕೃತಜ್ಞತೆಗಳು. ಸ್ಪ್ಲಿಟ್ ನಿಲ್ಲಿಸಿ ಹನ್ನೆರಡು ದಿನವಾಯಿತು, ಕುರ್ಚಿಯ ನೋವು ತುಸು ಇಳಿದಂತಿದೆ. ಫಿಸಿಯೋಥೆರಪಿಗೆ ಅರ್ಜಿ ಹಾಕಿದ್ದೇನೆ, ಏಳು ವಾರ ಕಾಯಬೇಕಂತೆ.

ಪತಿಯ ಕೈಯಲ್ಲಿ ಫೋಟೋ ತೆಗೆಸಿ ಮಗಳ ಕೋನಮಾಪಕದಿಂದ ಅಳೆದೆವು. ಬೋರಲು ಮಲಗಿದಾಗ ಬಲಗಾಲು 45 ಡಿಗ್ರಿ, ಎಡಗಾಲು 55. ಹಿಮ್ಮಡಿಯ ಮೇಲೆ ತಿರುಗಿ ನಿಂತಾಗ ಎರಡೂ ಪಾದಗಳ ನಡುವೆ 110. ತರಗತಿಯಲ್ಲಿ ನಾನು ನಿಲ್ಲುತ್ತಿದ್ದ ಬಗೆಯನ್ನು ಮಾಡಿ ತೋರಿಸಿದಾಗ 150 ಬಂತು! ಆ ನಲವತ್ತು ಡಿಗ್ರಿ ಎಲ್ಲಿಂದ ಬರುತ್ತಿತ್ತು ಎಂಬುದು ಮೊಣಕಾಲಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಬಲ ಎಡಗಳ ನಡುವೆ ಹತ್ತು ಡಿಗ್ರಿ ವ್ಯತ್ಯಾಸವಿದೆಯಲ್ಲ, ಅದು ದೋಷವೇ? ಮತ್ತೆ, ಸೊಂಟದ ಲೆಕ್ಕ ಕೂಡಿದರೆ ನೂರು ಬರುವಾಗ ನಿಂತಾಗ ನೂರಹತ್ತು ಬಂದದ್ದು ಹೇಗೆ?

ತಟ್ಟಡವು ಅವರೇ, ನೀವು ಊಹಿಸಿದ್ದು ಸರಿ. ಕಳೆದ ಗುರುವಾರ ಸಣ್ಣ ಹಾರಿಕೆಗಳನ್ನು ಮಾಡುವಾಗ ಪಿಯಾನೋ ಆರಿಸಿಬಿಟ್ಟು ಇಳಿಯುವ ಸದ್ದನ್ನಷ್ಟೇ ಕೇಳಿಸಿಕೊಳ್ಳಲು ಶಿಕ್ಷಕಿ ಹೇಳಿದರು. ಇಡೀ ಕೋಣೆಯಲ್ಲಿ ನನ್ನೊಬ್ಬಳದೇ ತಟ್ಟಡವು.

ಕೊನೆಯದಾಗಿ ಒಂದು ಸಂಕೋಚದ ಪ್ರಶ್ನೆ. ಬೆರಳತುದಿಯ ಮೇಲೆ ನಿಲ್ಲುವ ಪಾಯಿಂಟ್ ಶೂ ನನಗೆ ಎಂದಾದರೂ ಒದಗೀತೇ?


ಕೀಲೆಣ್ಣೆ (ಮೈಸೂರು)

ಎಡ ಬಲಗಳ ನಡುವೆ ಅಷ್ಟು ವ್ಯತ್ಯಾಸ ಸಾಮಾನ್ಯ, ದೋಷವಲ್ಲ. ಬಲಗಾಲು ಎಷ್ಟು ತಿರುಗುತ್ತದೋ ಅಷ್ಟಕ್ಕೇ ಎಡಗಾಲನ್ನೂ ನಿಲ್ಲಿಸಿದರೆ ಸೊಂಟ ಓರೆಯಾಗುವುದು ತಪ್ಪುತ್ತದೆ. ಹೆಚ್ಚಿಗೆ ಬಂದ ಹತ್ತು ಡಿಗ್ರಿ ಮೊಣಕಾಲಿನ ಕೆಳಗಿನ ಮೂಳೆಯದು: ಅದು ಎಲ್ಲರಲ್ಲೂ ಹುಟ್ಟಿನಿಂದ ಬೆಳೆಯುತ್ತ ಹೊರಕ್ಕೆ ತುಸು ತಿರುಚಿಕೊಳ್ಳುತ್ತದೆ. ಅದನ್ನು ನೀವು ಬಳಸಿಕೊಳ್ಳಬಹುದು, ಅದರಿಂದ ಮೊಣಕಾಲಿಗೆ ಹಾನಿಯಿಲ್ಲ.

ಪಾಯಿಂಟ್ ಶೂ ವಯಸ್ಸಿನ ಪ್ರಶ್ನೆಯಲ್ಲ, ಆದರೆ ವಾರಕ್ಕೆ ಒಂದು ತರಗತಿಯ ಮೇಲೆ ಆಗುವಂಥದ್ದೂ ಅಲ್ಲ. ವಾರಕ್ಕೆ ಎರಡು ಮೂರು ತರಗತಿಯಂತೆ ಕೆಲವು ವರ್ಷ ಕಳೆಯಬೇಕು. ನಾನು ನೋಡುವ ಕನಿಷ್ಠ ಗುರುತು: ಒಂಟಿಕಾಲಿನಲ್ಲಿ, ಮಂಡಿ ಮಡಿಸದೆ, ಹರಡು ಪಕ್ಕಕ್ಕೆ ವಾಲದೆ, ಹಿಮ್ಮಡಿಯನ್ನು ಪೂರ್ತಿ ಎತ್ತಿ ಇಳಿಸುವ ರೆಲೆವೆ ಬಿಡುವಿಲ್ಲದೆ 25 ಸಲ. ಇಂದು ಎಷ್ಟಾಗುತ್ತದೆ ಎಂದು ಎಣಿಸಿ ಬರೆದಿಡಿ. ನಲವತ್ತರ ಆಚೆ ಮೀನಖಂಡಕ್ಕೆ ಈ ವ್ಯಾಯಾಮ ಹೇಗೂ ಬೇಕು, ಶೂ ಬರಲಿ ಬಾರದಿರಲಿ.

ಐದನೆಯ ಸ್ಥಾನವನ್ನು ಸದ್ಯಕ್ಕೆ ಬಿಟ್ಟು, ಹಿಮ್ಮಡಿ ಇನ್ನೊಂದು ಪಾದದ ನಡುವಿಗೆ ತಾಗುವ ಮೂರನೆಯ ಸ್ಥಾನದಲ್ಲೇ ಎಲ್ಲವನ್ನೂ ಮಾಡಿ. ಶಿಕ್ಷಕಿಗೆ ಮೊದಲೇ ತಿಳಿಸಿಬಿಟ್ಟರೆ ತರಗತಿಯ ನಡುವೆ ತಿದ್ದುವುದಿಲ್ಲ. ಪ್ಲಿಯೇ ಮಾಡುವಾಗ ಮಂಡಿಚಿಪ್ಪು ಪಾದದ ಎರಡನೆಯ ಬೆರಳಿನ ನೇರಕ್ಕೆ ಬರುತ್ತಿದೆಯೇ ಎಂದು ಕನ್ನಡಿಯಲ್ಲಿ ನೋಡಿಕೊಳ್ಳಿ, ಒಳಕ್ಕೆ ಜಾರಿದರೆ ಪಾದವನ್ನು ಅಷ್ಟು ಒಳಕ್ಕೆ ತನ್ನಿ. ರಾತ್ರಿ ಮಗ್ಗುಲಾಗಿ ಮಲಗಿ, ಮಂಡಿ ಮಡಿಸಿ, ಹಿಮ್ಮಡಿಗಳನ್ನು ಜೋಡಿಸಿಟ್ಟುಕೊಂಡೇ ಮೇಲಿನ ಮಂಡಿಯನ್ನು ಚಿಪ್ಪು ತೆರೆದಂತೆ ತೆರೆದು ಮುಚ್ಚುವುದನ್ನು ಹನ್ನೆರಡರಂತೆ ಮೂರು ಸಲ ಮಾಡಿ. ಪೃಷ್ಠದ ಆಳದಲ್ಲಿ ಬೇಯುವಂತಾದರೆ ಸರಿಯಾದ ಸ್ನಾಯುವನ್ನೇ ಹಿಡಿದಿದ್ದೀರಿ.


ತಡವಾಗಿ ಬಂದವನು (ಸ್ಟುಟ್‌ಗಾರ್ಟ್)

ಆ ವ್ಯಾಯಾಮವನ್ನು ಗೋಡೆಗೆ ಬೆನ್ನು ಆನಿಸಿ ಮಾಡಿರಿ, ಹೇಮಾವತಿತೀರ ಅವರೇ. ಇಲ್ಲದಿದ್ದರೆ ಇಡೀ ಸೊಂಟ ಹಿಂದಕ್ಕೆ ಉರುಳಿ ಮಂಡಿ ಬಹಳ ತೆರೆದಂತೆ ಕಾಣುತ್ತದೆ. ನಾನು ಮೂರು ತಿಂಗಳು ಹಾಗೆಯೇ ಮಾಡಿ ಹಿಗ್ಗಿದ್ದೆ.